ರೇಷ್ಮೆ ಹುಳು ಒಟ್ಟಿಗೆ ಹಣ್ಣಾಗಲು ‘ಸಂಪೂರ್ಣ’: ಮೂರು ಬೆಳೆಗಳಲ್ಲಿ ಬಳಸಿ ಕಂಡದ್ದು

ಹುಳು ಹಣ್ಣಾಗುವ, ಅಂದರೆ ತಿನ್ನುವುದನ್ನು ಬಿಟ್ಟು ಗೂಡು ಕಟ್ಟಲು ಸಿದ್ಧವಾಗುವ, ದಿನಗಳ ಪಾಡನ್ನು ರೇಷ್ಮೆ ಸಾಕುವ ಮನೆಯವರೇ ಬಲ್ಲರು. 100 ಮೊಟ್ಟೆಯ (ಒಂದು ಪತಂಗ ಇಟ್ಟ ಮೊಟ್ಟೆಗಳ ಇಡೀ ಗುಂಪನ್ನು ನಾವು ಒಂದು ಮೊಟ್ಟೆ ಎನ್ನುತ್ತೇವೆ) ಮಿಶ್ರತಳಿ ಬೆಳೆಯೆಂದರೆ ಹೆಚ್ಚುಕಡಿಮೆ 40,000 ಹುಳು. ಅವುಗಳಲ್ಲಿ ನೂರಿನ್ನೂರು ಇಂದು ಬೆಳಗ್ಗೆ ತಲೆಯೆತ್ತಿದರೆ ಕೆಲವು ಸಾವಿರ ರಾತ್ರಿಗೆ, ದೊಡ್ಡ ಪಾಲು ನಾಳೆ, ಉಳಿದವು ನಾಡಿದ್ದು ಹಣ್ಣಾಗುತ್ತವೆ. ಆಯುವ ಕೈಗಳು ಎಷ್ಟಿದ್ದರೂ ಸಾಲುವುದಿಲ್ಲ. ಇನ್ನೂ ಹಣ್ಣಾಗದ ಹಸಿ ಹುಳುವನ್ನು ಚಂದ್ರಿಕೆಗೆ, ಅಂದರೆ ಗೂಡು ಕಟ್ಟಿಸುವ ಬಿದಿರಿನ ತಟ್ಟಿಗೆ, ಬಿಟ್ಟರೆ ಅದು ಅಲ್ಲಿಯೇ ಹಿಕ್ಕೆ ಹಾಕಿ ಪಕ್ಕದ ಗೂಡಿಗೆ ಕಲೆ ಹಿಡಿಸುತ್ತದೆ. ಹಣ್ಣಾದ ಹುಳುವನ್ನು ಹಾಸಿಗೆಯಲ್ಲಿಯೇ ಮರೆತರೆ ಅದು ಒಣಗಿದ ಕಡ್ಡಿಗಳ ನಡುವೆ ನೂಲು ಚೆಲ್ಲಿ, ಕೊನೆಗೆ ಯಾರಿಗೂ ಬೇಡವಾದ ತೆಳು ಗೂಡು, ಅಂದರೆ ಜಿಲ್ಲಿ ಗೂಡು, ಕಟ್ಟುತ್ತದೆ. ಈ ಎರಡು ಮೂರು ದಿನಗಳ ಎಳೆದಾಟವನ್ನು ಒಂದು ದಿನಕ್ಕೆ ಇಳಿಸಿಕೊಡುವುದಕ್ಕೆಂದು ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ ರೂಪಿಸಿರುವ ಔಷಧವೇ ‘ಸಂಪೂರ್ಣ’. ಸತತವಾಗಿ ಮೂರು ಬೆಳೆಗಳಲ್ಲಿ ಇದನ್ನು ಬಳಸಿದ್ದೇನೆ. ಒಂದರಲ್ಲಿ ಚೆನ್ನಾಗಿ ಫಲ ಕಂಡೆ, ಒಂದರಲ್ಲಿ ನನ್ನದೇ ಅವಸರದಿಂದ ನಷ್ಟ ಮಾಡಿಕೊಂಡೆ, ಮೂರನೆಯದರಲ್ಲಿ ಅರ್ಧ ಹುಳುವಿಗೆ ಕೊಟ್ಟು ಅರ್ಧಕ್ಕೆ ಕೊಡದೆ ಹೋಲಿಸಿ ನೋಡಿದೆ. ಈ ಔಷಧ ಏನು ಮಾಡುತ್ತದೆ, ಏನು ಮಾಡಲಾರದು ಎಂಬುದು ಹುಳುವಿನ ಮೈಯೊಳಗೆ ನಡೆಯುವುದನ್ನು ತಿಳಿಯದೆ ಅರ್ಥವಾಗುವುದಿಲ್ಲವಾದ್ದರಿಂದ ಅದನ್ನೂ ಜೊತೆಗೆ ಬರೆಯುತ್ತಿದ್ದೇನೆ.

ಔಷಧದಲ್ಲಿರುವುದು ಸಸ್ಯಮೂಲದ ಎಕ್ಡಿಸ್ಟೆರಾಯ್ಡ್. ಹೆಸರು ತೊಡಕಾಗಿ ಕಂಡರೂ ಹುಳುವಿನ ಪಾಲಿಗೆ ಅದು ಪರಕೀಯ ವಸ್ತುವಲ್ಲ. ಅದರ ರಕ್ತದಲ್ಲಿಯೇ ಏರುತ್ತ ಇಳಿಯುತ್ತ ಇರುವ ಎಕ್ಡೈಸೋನ್ ಎಂಬ ಸ್ಟೆರಾಯ್ಡ್ ಹಾರ್ಮೋನಿನ ಬಳಗಕ್ಕೆ ಸೇರಿದ್ದು. ನಮ್ಮ ಮೈಯ ಕಾರ್ಟಿಸೋಲ್, ಈಸ್ಟ್ರೋಜನ್‌ಗಳಂತೆ ಎಕ್ಡೈಸೋನ್ ಕೂಡ ಕೊಲೆಸ್ಟರಾಲಿನಿಂದ ತಯಾರಾಗುತ್ತದೆ. ಆದರೆ ಕೊಲೆಸ್ಟರಾಲನ್ನು ಮೊದಲಿನಿಂದ ಕಟ್ಟಿಕೊಳ್ಳುವ ಶಕ್ತಿ ಕೀಟಗಳಿಗೆ ಇಲ್ಲ. ಹಿಪ್ಪುನೇರಳೆ ಸೊಪ್ಪಿನಲ್ಲಿರುವ ಸ್ಟೆರಾಲುಗಳನ್ನು ತಿಂದು, ಅವನ್ನು ಕೊಲೆಸ್ಟರಾಲಾಗಿ ಮಾರ್ಪಡಿಸಿಕೊಂಡು, ಎದೆಯ ಮುಂಭಾಗದ ಪ್ರೋಥೊರಾಸಿಕ್ ಗ್ರಂಥಿಗಳೆಂಬ ಒಂದು ಜೊತೆ ಗ್ರಂಥಿಗಳಲ್ಲಿ ಹುಳು ಎಕ್ಡೈಸೋನನ್ನು ತಯಾರಿಸುತ್ತದೆ. ತಯಾರಿಸು ಎಂಬ ಅಪ್ಪಣೆ ಹೊರಡುವುದು ಮಿದುಳಿನಿಂದ. ರಕ್ತಕ್ಕೆ ಇಳಿದ ಎಕ್ಡೈಸೋನ್ ಇತರ ಅಂಗಗಳಲ್ಲಿ ಇನ್ನಷ್ಟು ಬದಲಾಗಿ, 20-ಹೈಡ್ರಾಕ್ಸಿ ಎಕ್ಡೈಸೋನ್ ಎಂಬ ಚುರುಕಾದ ರೂಪ ತಾಳಿ, ಜೀವಕೋಶದ ಒಳಗಿರುವ ಗ್ರಾಹಕ ಪ್ರೋಟೀನಿಗೆ ಅಂಟಿಕೊಂಡು, ಯಾವ ಜೀನ್ ತೆರೆಯಬೇಕು, ಯಾವುದು ಮುಚ್ಚಬೇಕು ಎಂಬುದನ್ನು ನಿರ್ಧರಿಸುತ್ತದೆ.

ನಮ್ಮ ಕಡೆ ‘ಜ್ವರ’ ಎಂದು ಕರೆಯುವುದು ಈ ಹಾರ್ಮೋನಿನ ಏರಿಕೆಯನ್ನೇ. ಹುಳು ಸೊಪ್ಪು ಬಿಟ್ಟು, ತಲೆಯೆತ್ತಿ, ಅಲುಗಾಡದೆ ಕುಳಿತು, ಹಳೆಯ ಚರ್ಮದ ಕೆಳಗೆ ಹೊಸ ಚರ್ಮ ಹೊಲಿದುಕೊಳ್ಳುವ ಆ ಹೊತ್ತಿಗೆ ಜ್ವರವೆಂದು ಹೆಸರಿಟ್ಟ ಹಿರಿಯರ ಕಣ್ಣು ಬಹಳ ಸೂಕ್ಷ್ಮವಾದದ್ದು ಎಂದು ನನಗೆ ಪ್ರತಿ ಬೆಳೆಯಲ್ಲಿಯೂ ಅನ್ನಿಸುತ್ತದೆ. ನಾಲ್ಕು ಜ್ವರ ಕಳೆದು ಐದನೆಯ ಹಂತಕ್ಕೆ ಬಂದ ಹುಳು ಮಾತ್ರ ಮತ್ತೆ ಜ್ವರಕ್ಕೆ ಕೂರದೆ ಗೂಡು ಕಟ್ಟಲು ತೊಡಗುವುದೇಕೆ? ಅದಕ್ಕೆ ಕಾರಣ ಇನ್ನೊಂದು ಹಾರ್ಮೋನು. ಮಿದುಳಿನ ಹಿಂದಿರುವ ಪುಟ್ಟ ಗ್ರಂಥಿಗಳಿಂದ ಸ್ರವಿಸುವ ಜುವೆನೈಲ್ ಹಾರ್ಮೋನ್ ಹುಳುವನ್ನು ಎಳೆತನದಲ್ಲಿಯೇ ಹಿಡಿದಿಡುತ್ತದೆ. ಅದು ತುಂಬಿರುವಾಗ ಎಕ್ಡೈಸೋನ್ ಏರಿದರೆ ಹುಳು ಇನ್ನೂ ದೊಡ್ಡ ಹುಳುವಾಗುತ್ತದೆ ಅಷ್ಟೆ. ಐದನೆಯ ಹಂತದಲ್ಲಿ ಅದು ರಕ್ತದಿಂದ ಇಳಿದುಹೋಗುತ್ತದೆ. ಆಮೇಲೆ ಎಕ್ಡೈಸೋನ್ ಮೊದಲು ಸ್ವಲ್ಪ ಏರಿದಾಗ ಹುಳು ತಿನ್ನುವುದನ್ನು ಬಿಟ್ಟು ನೂಲು ಬಿಡಲು ಜಾಗ ಹುಡುಕುತ್ತದೆ. ನೂಲು ಬಿಡುತ್ತಿರುವಾಗಲೇ ಎರಡನೆಯ ಸಲ ಬಹಳ ಎತ್ತರಕ್ಕೆ ಏರಿದಾಗ ಗೂಡಿನೊಳಗೆ ಕೋಶವಾಗುತ್ತದೆ, ಅಂದರೆ ಹುಳುವಿಗೂ ಪತಂಗಕ್ಕೂ ನಡುವಿನ ರೂಪ ತಾಳುತ್ತದೆ. ‘ಸಂಪೂರ್ಣ’ದ ಕೆಲಸ ಆ ಮೊದಲ ಸಣ್ಣ ಏರಿಕೆಯನ್ನು ಎಲ್ಲ ಹುಳುಗಳಲ್ಲಿಯೂ ಒಂದೇ ಹೊತ್ತಿಗೆ ಆಗುವಂತೆ ತಳ್ಳಿಕೊಡುವುದು.

ಇಷ್ಟು ತಿಳಿದುಕೊಳ್ಳುವುದಕ್ಕೆ ಜಗತ್ತಿಗೆ ಅರ್ಧ ಶತಮಾನ ಹಿಡಿಯಿತು, ಅದರಲ್ಲಿ ರೇಷ್ಮೆ ಹುಳುವಿನ ಪಾಲು ದೊಡ್ಡದು. 1917ರಲ್ಲಿ ಪೋಲೆಂಡಿನ ಸ್ಟೆಫಾನ್ ಕೊಪೆಚ್ ಒಂದು ಜಾತಿಯ ಪತಂಗದ ಕಂಬಳಿಹುಳುಗಳ ನಡುವಿಗೆ ದಾರ ಬಿಗಿದು ನೋಡಿದರು. ಒಂದು ಹೊತ್ತಿಗಿಂತ ಮೊದಲು ಬಿಗಿದರೆ ತಲೆಯ ಕಡೆಯ ಭಾಗ ಮಾತ್ರ ಕೋಶವಾಗುತ್ತಿತ್ತು, ಆ ಹೊತ್ತು ಕಳೆದ ಮೇಲೆ ಬಿಗಿದರೆ ಎರಡೂ ಭಾಗ ಕೋಶವಾಗುತ್ತಿದ್ದವು. ತಲೆಯಿಂದ ರಕ್ತದ ಮೂಲಕ ಏನೋ ಇಳಿದು ಬರುತ್ತದೆ ಎಂಬುದು ಹೀಗೆ ಗೊತ್ತಾಯಿತು. 1940ರಲ್ಲಿ ಜಪಾನಿನ ಸೋಯಿಚಿ ಫುಕುದ ರೇಷ್ಮೆ ಹುಳುವಿನಲ್ಲಿ ಪ್ರೋಥೊರಾಸಿಕ್ ಗ್ರಂಥಿಯ ಪಾತ್ರವನ್ನು ತೋರಿಸಿಕೊಟ್ಟರು. 1954ರಲ್ಲಿ ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್‌ಸನ್ 500 ಕಿಲೋ ರೇಷ್ಮೆ ಕೋಶಗಳನ್ನು ಅರೆದು, ಸೋಸಿ, ಕೊನೆಗೆ 25 ಮಿಲಿಗ್ರಾಂ ಎಕ್ಡೈಸೋನ್ ಹರಳುಗಳನ್ನು ಪಡೆದರು. ನೂಲು ಬಿಚ್ಚುವ ಕಾರ್ಖಾನೆಯಿಂದ ಹೊರಬೀಳುವ ಕೋಶದ ಮೂಟೆಗಳನ್ನು ಕಂಡವರಿಗೆ ಈ ಲೆಕ್ಕದ ತೂಕ ತಿಳಿದೀತು: ಹತ್ತು ದೊಡ್ಡ ಮೂಟೆಗಳಿಂದ ಚಿಟಿಕೆಯಷ್ಟೂ ಇಲ್ಲ. 1966ರಲ್ಲಿ ಜಪಾನಿನ ವಿಜ್ಞಾನಿಗಳಿಗೆ ಇದೇ ಬಗೆಯ ವಸ್ತುಗಳು ಗಿಡಗಳಲ್ಲಿ, ಅದೂ ಹೇರಳವಾಗಿ ಸಿಕ್ಕವು. ನಮ್ಮ ಹೊಲದ ಬದುವಿನಲ್ಲಿ ಸೀರೆಗೂ ಪಂಚೆಗೂ ಅಂಟಿಕೊಳ್ಳುವ ಉತ್ತರಾಣಿಯ ಬೇರಿನಲ್ಲಿಯೂ ಅದಿದೆ. ತನ್ನನ್ನು ತಿನ್ನಲು ಬರುವ ಹುಳುವಿನ ಕಾಲಗಣನೆಯನ್ನೇ ಕೆಡಿಸಲು ಗಿಡ ಕಟ್ಟಿಕೊಂಡ ರಕ್ಷಣೆ ಇದೆಂದು ಬಹುಪಾಲು ವಿಜ್ಞಾನಿಗಳು ತಿಳಿಯುತ್ತಾರೆ. ಗಿಡದಿಂದ ಸಿಗುವುದರಿಂದಲೇ ಈ ಹಾರ್ಮೋನು ನಮ್ಮಂಥ ಸಾಕಾಣಿಕೆದಾರರ ಕೈಗೆ ಎಟಕುವಂತಾಗಿದೆ.

ಮೊದಲ ಬೆಳೆಯ ವಿಷಯಕ್ಕೆ ಬರುತ್ತೇನೆ. ಐದನೆಯ ಹಂತದ ಏಳನೆಯ ದಿನ ಬೆಳಗ್ಗೆ ಸೊಪ್ಪು ಕೊಡುವ ಮುನ್ನ ಹಾಸಿಗೆಯ ಮೇಲೆ ಅಲ್ಲೊಂದು ಇಲ್ಲೊಂದು ಹಣ್ಣು ಹುಳು ಕಂಡವು. ಹುಳು ಆಯಲು ಹಲವು ವರ್ಷಗಳಿಂದ ನಮ್ಮ ಮನೆಗೆ ಬರುವ ಹಿರಿಯ ಹೆಂಗಸೊಬ್ಬರು ಅಂದು ಬೇಗನೆ ಬಂದಿದ್ದರು. ನಾನು ಔಷಧ ಬೆರೆಸಲು ಹೊರಟಾಗ ಅವರು ತಡೆದು, ಹುಳುವೊಂದನ್ನು ಎತ್ತಿ ಬಾಗಿಲ ಬೆಳಕಿಗೆ ಹಿಡಿದು, “ಇನ್ನೂ ಹಸಿ ಐತೆ ಕಣಪ್ಪ. ಕತ್ತು ತಿಳಿಯಾಗ್ಲಿ, ಸಂಜಿ ಗಂಟ ತಾಳು” ಎಂದರು. “ಆಗಲಿ ಅಮ್ಮ” ಎಂದು ಸಂಜೆಯವರೆಗೆ ಕಾದೆ. ಸಂಜೆಗೆ ನೂರರಲ್ಲಿ ಐದಾರು ಹುಳು ಹಣ್ಣಾಗಿದ್ದವು, ಉಳಿದವುಗಳ ಕತ್ತಿನ ಕೆಳಭಾಗ ಜೇನಿನ ಹನಿಯಂತೆ ತಿಳಿಯಾಗತೊಡಗಿತ್ತು. ಹಣ್ಣಾದವನ್ನು ಆಯ್ದು ತೆಗೆದು, ಔಷಧವನ್ನು ಅದರ ಮೇಲಿನ ಸೂಚನೆಯಂತೆ ನೀರಿಗೆ ಬೆರೆಸಿ, ಸೊಪ್ಪಿನ ಮೇಲೆ ಒಂದೇ ಸಮನಾಗಿ ಸಿಂಪಡಿಸಿ, ನೀರಾಡಿದ ಮೇಲೆ ತೆಳ್ಳಗೆ ಹರಡಿ ಒಂದು ಊಟ ಕೊಟ್ಟೆ.

ಮಾರನೆಯ ಬೆಳಗಿನ ನೋಟ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ರಾತ್ರಿಯೆಲ್ಲ ಮಳೆ ಬಿದ್ದಂತೆ ಕೇಳುತ್ತಿದ್ದ ಸೊಪ್ಪು ತಿನ್ನುವ ಸದ್ದು ನಿಂತಿತ್ತು. ಹಿಕ್ಕೆ ಗಟ್ಟಿಯಾಗಿರದೆ ಮೆತ್ತಗಾಗಿತ್ತು. ಹೊಟ್ಟೆ ಬರಿದು ಮಾಡಿಕೊಂಡ ಹುಳುಗಳು ಕುಗ್ಗಿ, ಮೈಯೆಲ್ಲ ಹಳದಿ ಹೊಳಪಿನಿಂದ ತಿಳಿಯಾಗಿ, ಕಡ್ಡಿಗಳ ತುದಿಗೆ ಹತ್ತಿ ತಲೆಯನ್ನು ಅತ್ತಿತ್ತ ಆಡಿಸುತ್ತಿದ್ದವು. ಅಂದು ಮಧ್ಯಾಹ್ನದ ಹೊತ್ತಿಗೆ ಮುಕ್ಕಾಲು ಪಾಲಿಗಿಂತ ಹೆಚ್ಚು ಹುಳು, ಸಂಜೆಗೆ ಬೆರಳೆಣಿಕೆಯ ಹಿಂದುಳಿದವನ್ನು ಬಿಟ್ಟು ಎಲ್ಲವೂ ಹಣ್ಣಾದವು. ಒಂದೊಂದಾಗಿ ಆಯುವ ಬದಲು ನೇತ್ರಿಕೆಗಳನ್ನು (ಹುಳು ಹತ್ತಿ ಗೂಡು ಕಟ್ಟುವ ಪ್ಲಾಸ್ಟಿಕ್ ಬಲೆಗಳು) ಹಾಸಿಗೆಯ ಮೇಲೆಯೇ ಇಟ್ಟೆವು, ಹುಳುಗಳು ತಾವಾಗಿ ಹತ್ತಿಕೊಂಡವು. ಉಳಿದವನ್ನು ಮಾತ್ರ ಚಂದ್ರಿಕೆಗೆ ಒಂದಕ್ಕೆ ಸಾವಿರದಂತೆ ಬಿಟ್ಟೆವು. ಹಿಂದಿನ ಬೆಳೆಗಳಲ್ಲಿ ಮೂರು ದಿನ ಆಳು ಕರೆಯುತ್ತಿದ್ದಲ್ಲಿ ಈ ಸಲ ಒಂದೇ ದಿನ ಕರೆದದ್ದು. ಹುಳು ತನ್ನ ಬಾಳಿನಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚನ್ನು ಐದನೆಯ ಹಂತದಲ್ಲಿಯೇ ತಿನ್ನುವುದರಿಂದ, ಕೊನೆಯ ಒಂದು ದಿನ ಉಳಿದರೂ ತೋಟಕ್ಕೆ ಅದು ಕಾಣುವಷ್ಟು ಉಳಿತಾಯ. ಗೂಡು ಬಿಡಿಸುವುದೂ ಒಂದೇ ದಿನಕ್ಕೆ ಬಂದು, ಮಾರುಕಟ್ಟೆಗೆ ಒಂದೇ ಸರಕಾಗಿ ಹೋಯಿತು.

ಎರಡನೆಯ ಬೆಳೆಯ ಮಾತು ಹೀಗಲ್ಲ. ತೋಟದಲ್ಲಿ ಸೊಪ್ಪು ಕಡಿಮೆಯಾಗಿತ್ತು. ಐದನೆಯ ಹಂತದ ಐದನೆಯ ದಿನವೇ, ಒಂದೂ ಹುಳು ಹಣ್ಣಾಗದಿದ್ದಾಗಲೇ, ಒಂದೆರಡು ದಿನ ಮೊದಲು ಕೊಟ್ಟರೆ ಏನಾದೀತು ಎಂದು ಔಷಧ ಕೊಟ್ಟುಬಿಟ್ಟೆ. ಹುಳುಗಳು ಒಂದಷ್ಟು ಕಾಲ ಗೊಂದಲಗೊಂಡಂತೆ ಓಡಾಡಿ, ಕೊನೆಗೆ ಗೂಡು ಕಟ್ಟಿದವು. ಆದರೆ ಗೂಡು ಹಿಡಿದರೆ ಬೆರಳಿಗೆ ತಗ್ಗುವಷ್ಟು ತೆಳು, ತೂಕವಂತೂ ಕಣ್ಣಿಗೆ ರಾಚುವಷ್ಟು ಕಡಿಮೆ. ಔಷಧ ತನ್ನ ಕೆಲಸವನ್ನು ಮಾಡಿತ್ತು, ಹೊತ್ತು ತಪ್ಪಿಸಿದವನು ನಾನು. ಇದನ್ನು ಮುಚ್ಚಿಡದೆ ಬರೆಯಲು ಕಾರಣವಿದೆ: ‘ಬೇಗ ಹಣ್ಣಾಗಿಸುವ ಔಷಧ’ ಎಂಬ ಮಾತು ಕೇಳಿ ನನ್ನಂತೆಯೇ ಅವಸರ ಮಾಡುವವರು ಊರೂರಲ್ಲಿ ಇದ್ದಾರೆ.

ಆ ಬೆಳೆಯ ಸಮಯದಲ್ಲಿ ಸತ್ತ ಹುಳುವೊಂದನ್ನು, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದ ಹಳೆಯ ಅಭ್ಯಾಸದಿಂದ, ಮೇಣದ ತಟ್ಟೆಯ ಮೇಲೆ ನೀರಿನಲ್ಲಿ ಬಿಚ್ಚಿ ನೋಡಿದೆ. ಕರುಳಿನ ಎರಡೂ ಬದಿಗೆ ಮಡಿಕೆ ಮಡಿಕೆಯಾಗಿ ಬಿದ್ದಿದ್ದವು ರೇಷ್ಮೆ ಗ್ರಂಥಿಗಳು. ಸೂಜಿಯಿಂದ ಬಿಡಿಸುತ್ತ ಹೋದಂತೆ ಹುಳುವಿನ ಉದ್ದದ ಹಲವು ಪಟ್ಟು ಹಿಗ್ಗಿದವು. ನಡುವಿನ ದಪ್ಪ ಭಾಗ ಹಳದಿ, ಏಕೆಂದರೆ ನಮ್ಮ ಮಿಶ್ರತಳಿಯಲ್ಲಿ ಸೊಪ್ಪಿನ ಬಣ್ಣ ರಕ್ತದಿಂದ ಬಂದು ಅಲ್ಲಿಯ ಸೆರಿಸಿನ್ ಎಂಬ ಅಂಟಿಗೆ ಸೇರುತ್ತದೆ. ಹಿಂದಿನ ಸಣ್ಣ ಸುರುಳಿಗಳ ಭಾಗ ಹಾಲಿನಂತೆ ಬಿಳಿ, ಅದು ನೂಲಿನ ತಿರುಳಾದ ಫೈಬ್ರೊಯಿನ್ ತಯಾರಾಗುವ ಜಾಗ. ಇಷ್ಟು ದೊಡ್ಡ ಅಂಗದಲ್ಲಿರುವ ಜೀವಕೋಶಗಳು ಒಂದು ಗ್ರಂಥಿಗೆ ಸುಮಾರು 1,000 ಮಾತ್ರ. ಹುಳು ಮೊಟ್ಟೆಯೊಳಗೆ ಇದ್ದಾಗಲೇ ಆ ಸಂಖ್ಯೆ ತೀರ್ಮಾನವಾಗಿ, ಆಮೇಲೆ ಒಂದೂ ಹೆಚ್ಚುವುದಿಲ್ಲ. ಹೊರಬಂದ ಮರಿ ಸುಮಾರು 10,000 ಪಟ್ಟು ತೂಕ ಬೆಳೆಯುವಾಗ ಗ್ರಂಥಿಯ ಜೀವಕೋಶಗಳು ಒಡೆದು ಎರಡಾಗದೆ ತಮ್ಮ ಡಿಎನ್‌ಎಯನ್ನು ಮಾತ್ರ ಮತ್ತೆ ಮತ್ತೆ ಇಮ್ಮಡಿಸಿಕೊಳ್ಳುತ್ತ, ಒಂದೊಂದು ಜೀವಕೋಶದಲ್ಲಿ ಲಕ್ಷಾಂತರ ಪ್ರತಿಗಳಾಗುವಷ್ಟು ಹಿಗ್ಗುತ್ತವೆ. ಪ್ರತಿ ಜ್ವರದಲ್ಲಿ ಎಕ್ಡೈಸೋನ್ ಏರಿದಾಗ ಫೈಬ್ರೊಯಿನ್ ತಯಾರಿ ನಿಲ್ಲುತ್ತದೆ, ಇಳಿದಾಗ ಮತ್ತೆ ಶುರುವಾಗುತ್ತದೆ. ಐದನೆಯ ಹಂತದ ಕೊನೆಯ ದಿನಗಳಲ್ಲಿ ಆ ಗ್ರಂಥಿ ತುಂಬುವ ವೇಗ ಬೇರೆ ಯಾವ ಹೊತ್ತಿನಲ್ಲಿಯೂ ಇಲ್ಲ. ಹುಳುವಿನ ತೂಕದ ಕಾಲು ಪಾಲನ್ನೂ ಮೀರುವಷ್ಟು ಅದು ಬೆಳೆಯುತ್ತದೆ. ನಾನು ಕೈಯಾರೆ ಕಿತ್ತುಕೊಂಡದ್ದು ಆ ದಿನಗಳನ್ನು. ಗ್ರಂಥಿ ತುಂಬುವ ಮೊದಲೇ ‘ಸಾಕು, ನೂಲು ಬಿಡು’ ಎಂಬ ಮಾತು ರಕ್ತದಲ್ಲಿ ಹರಿದರೆ, ಇದ್ದಷ್ಟರಲ್ಲಿ ಗೂಡು ಕಟ್ಟುವುದಲ್ಲದೆ ಹುಳು ಮತ್ತೇನು ಮಾಡೀತು?

ಒಂದೇ ಹಾರ್ಮೋನಿನ ಮಾತನ್ನು ಒಂದೊಂದು ಅಂಗ ಒಂದೊಂದು ರೀತಿ ಕೇಳಿಸಿಕೊಳ್ಳುತ್ತದೆ ಎಂಬುದು ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಅಚ್ಚರಿ ಹುಟ್ಟಿಸಿದ ಸಂಗತಿ. ಗೂಡಿನೊಳಗೆ ಎಕ್ಡೈಸೋನ್ ತುಂಬಿ ಬಂದಾಗ, ನೂಲು ಮುಗಿಸಿದ ರೇಷ್ಮೆ ಗ್ರಂಥಿ ತನ್ನನ್ನು ತಾನೇ ಕರಗಿಸಿಕೊಂಡು ಇಲ್ಲವಾಗುತ್ತದೆ. ಅದೇ ರಕ್ತದಲ್ಲಿ ಮಿಂದ ರೆಕ್ಕೆಯ ಮೊಗ್ಗುಗಳು, ಹುಳುವಿನ ಹಂತದಲ್ಲಿ ಎದೆಯ ಪಕ್ಕ ಮುದುರಿ ಕುಳಿತಿದ್ದವು, ಹರಡಿ ಬೆಳೆದು ರೆಕ್ಕೆಯಾಗುತ್ತವೆ. ಹೊಟ್ಟೆಯ ಕಾಲುಗಳು ಅಳಿದುಹೋಗುತ್ತವೆ, ಕರುಳು ಹೊಸದಾಗಿ ಕಟ್ಟಲ್ಪಡುತ್ತದೆ. ಹಾರ್ಮೋನು ಹೇಳುವುದು ಹೊತ್ತನ್ನು ಮಾತ್ರ. ಆ ಹೊತ್ತಿಗೆ ಏನು ಮಾಡಬೇಕೆಂಬುದು ಆಯಾ ಅಂಗ ಅಲ್ಲಿಯವರೆಗೆ ಬೆಳೆದು ಬಂದ ಬಗೆಯಲ್ಲಿದೆ.

ಮೂರನೆಯ ಬೆಳೆಯಲ್ಲಿ ಒಂದೇ ತಂಡದ ಮೊಟ್ಟೆಗಳ, ಒಂದೇ ದಿನ ನಾಲ್ಕನೆಯ ಜ್ವರದಿಂದ ಎದ್ದ ಹುಳುಗಳನ್ನು ಎರಡು ಪಾಲು ಮಾಡಿ, ಒಂದು ಕಡೆಯ ಅಟ್ಟಣೆಗೆ ಸರಿಯಾದ ಹೊತ್ತಿಗೆ ಔಷಧ ಕೊಟ್ಟು, ಇನ್ನೊಂದು ಕಡೆಯದನ್ನು ಹಾಗೆಯೇ ಬಿಟ್ಟೆ. ಔಷಧ ತಿಂದ ಹುಳು ಒಂದು ದಿನದೊಳಗೆ ಮುಗಿದವು, ಬಿಟ್ಟ ಹುಳು ಎರಡೂವರೆ ದಿನ ಹಿಡಿದವು. ಎರಡೂ ಕಡೆಯ ಗೂಡುಗಳನ್ನು ನೂರು ನೂರರಂತೆ ಹಲವು ಸಲ ತೂಗಿ ನೋಡಿದಾಗ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ; ಔಷಧದ ಕಡೆ ಜಿಲ್ಲಿ ಮತ್ತು ಕಲೆ ಬಿದ್ದ ಗೂಡು ಮಾತ್ರ ಸ್ಪಷ್ಟವಾಗಿ ಕಡಿಮೆಯಿತ್ತು. ಆದ್ದರಿಂದ ಇಳುವರಿ ಹೆಚ್ಚುತ್ತದೆ ಎಂದುಕೊಂಡು ಕೊಳ್ಳುವವರಿಗೆ ನಿರಾಸೆಯಾದೀತು. ಇದು ಕೂಲಿಯನ್ನೂ ಸೊಪ್ಪನ್ನೂ ನಿದ್ದೆಯನ್ನೂ ಉಳಿಸುವ ಔಷಧ, ರೇಷ್ಮೆ ತುಂಬಿಸುವ ಔಷಧವಲ್ಲ.

ಇಲ್ಲಿ ಇನ್ನೊಂದು ಅನುಭವವನ್ನು ಹೇಳದಿದ್ದರೆ ತಪ್ಪಾಗುತ್ತದೆ. ಕೆಲವು ವರ್ಷಗಳ ಹಿಂದೆ ಪಟ್ಟಣದ ಅಂಗಡಿಯೊಂದರಲ್ಲಿ, ತಯಾರಕರ ಹೆಸರಾಗಲಿ ಒಳಗಿನ ವಸ್ತುವಿನ ಹೆಸರಾಗಲಿ ಇಲ್ಲದ ಒಂದು ಸೀಸೆಯನ್ನು ‘ಗೂಡಿನ ತೂಕ ಹೆಚ್ಚಿಸುವ ಟಾನಿಕ್’ ಎಂದು ನಂಬಿಸಿ ಮಾರಿದ್ದರು. ಐದನೆಯ ಹಂತದಲ್ಲಿ ಅದನ್ನು ತಿಂದ ಹುಳುಗಳು ದಿನ ಕಳೆದರೂ ಹಣ್ಣಾಗದೆ, ತಿನ್ನುತ್ತಲೇ ಉಬ್ಬಿ, ಬಹುಪಾಲು ಗೂಡು ಕಟ್ಟದೆಯೇ ಸತ್ತವು. ಆ ಸೀಸೆಯಲ್ಲಿ ಜುವೆನೈಲ್ ಹಾರ್ಮೋನಿನಂತೆ ವರ್ತಿಸುವ ವಸ್ತು ಇದ್ದಿರಬೇಕೆಂದು ಲಕ್ಷಣಗಳನ್ನು ನೋಡಿ ಈಗ ಊಹಿಸುತ್ತೇನೆ. ಆ ಹಾರ್ಮೋನನ್ನು ಅಳತೆಯಲ್ಲಿ, ಸರಿಯಾದ ದಿನ ಕೊಟ್ಟರೆ ಐದನೆಯ ಹಂತ ಸ್ವಲ್ಪ ಲಂಬಿಸಿ ಗೂಡಿನ ತೂಕ ಏರುವುದು ನಿಜ. ಅಳತೆ ಮೀರಿದರೆ ಹುಳು ಎಳೆತನದಿಂದ ಹೊರಬರುವುದೇ ಇಲ್ಲ. ಇಟಲಿಯಲ್ಲಿ ಹಣ್ಣಿನ ತೋಟಗಳಿಗೆ ಸಿಂಪಡಿಸಿದ ಫೆನಾಕ್ಸಿಕಾರ್ಬ್ ಎಂಬ ಇದೇ ಗುಣದ ಕೀಟನಾಶಕ ಗಾಳಿಯಲ್ಲಿ ತೇಲಿ ಹಿಪ್ಪುನೇರಳೆಗೆ ಸೇರಿ, ಅಲ್ಲಿಯ ರೇಷ್ಮೆ ಹುಳುಗಳು ಗೂಡು ಕಟ್ಟದೆ ಹೋದದ್ದು ದಾಖಲಾಗಿದೆ. ಇತ್ತ ಟೆಬುಫೆನೋಜೈಡ್, ಮೆಥಾಕ್ಸಿಫೆನೋಜೈಡ್‌ಗಳಂಥ ಕೀಟನಾಶಕಗಳು ಎಕ್ಡೈಸೋನಿನಂತೆ ವರ್ತಿಸಿ ಕಂಬಳಿಹುಳುಗಳನ್ನು ಹೊತ್ತಲ್ಲದ ಹೊತ್ತಿನಲ್ಲಿ ಚರ್ಮ ಕಳಚುವಂತೆ ಮಾಡಿ ಕೊಲ್ಲುತ್ತವೆ. ರೇಷ್ಮೆ ಹುಳುವೂ ಕಂಬಳಿಹುಳುವೇ ಆದ್ದರಿಂದ, ಪಕ್ಕದ ಹೊಲದ ಟೊಮೇಟೊ, ದ್ರಾಕ್ಷಿಗಳಿಗೆ ಏನು ಹೊಡೆಯುತ್ತಾರೆಂದು ಕೇಳಿ ತಿಳಿದಿರುವುದು ಒಳ್ಳೆಯದು. ಹಾರ್ಮೋನು ಔಷಧವನ್ನು ರೇಷ್ಮೆ ಇಲಾಖೆಯ ತಾಂತ್ರಿಕ ಸೇವಾ ಕೇಂದ್ರದಲ್ಲಿ ವಿಚಾರಿಸಿ, ಹೆಸರು, ತಯಾರಾದ ದಿನ, ಬಳಸುವ ಅಳತೆ ಎಲ್ಲವೂ ಅಚ್ಚಾಗಿರುವುದನ್ನೇ ಕೊಳ್ಳಬೇಕು.

‘ಸಂಪೂರ್ಣ’ವನ್ನು ಯಾರಿಗೆ ಹೇಳಲಾರೆ ಎಂದರೆ, ಚಾಕಿಯಿಂದಲೇ, ಅಂದರೆ ಎಳೆ ಹುಳುವಿನ ಹಂತದಿಂದಲೇ, ಹುಳು ಹಿಂದುಮುಂದಾಗಿ, ಕೆಲವು ಜ್ವರದಿಂದ ಎದ್ದು ಎರಡು ದಿನವಾದರೂ ಇನ್ನು ಕೆಲವು ಜ್ವರದಲ್ಲಿಯೇ ಕುಳಿತಿರುವಂಥ ಬೆಳೆ ಇರುವವರಿಗೆ. ಅಂಥ ಹಾಸಿಗೆಗೆ ಒಂದೇ ಊಟದಲ್ಲಿ ಔಷಧ ಕೊಟ್ಟರೆ ಮುಂದಿನವಕ್ಕೆ ಅನುಕೂಲ, ಹಿಂದಿನವಕ್ಕೆ ನನ್ನ ಎರಡನೆಯ ಬೆಳೆಯ ಗತಿ. ಹಾಲುರೋಗ, ಸಪ್ಪೆರೋಗ ಕಂಡ ಬೆಳೆಯನ್ನೂ ಇದು ಉಳಿಸುವುದಿಲ್ಲ. ಬೇಗ ಚಂದ್ರಿಕೆಗೆ ಏರಿಸಿ ಬಚಾವಾಗೋಣ ಎಂದು ಕೊಡುವವರಿದ್ದಾರೆ, ಆದರೆ ರೋಗದ ಹುಳು ಗೂಡಿನೊಳಗೆ ಸತ್ತು ಒಳ್ಳೆಯ ಗೂಡಿಗೂ ಕಲೆ ಹಿಡಿಸುತ್ತದೆ. ಜ್ವರ ಜ್ವರಕ್ಕೂ ಹುಳುವನ್ನು ಸಮ ಮಾಡಿಕೊಂಡು ಬಂದವರಿಗೆ, ಮನೆಮಂದಿ ಕಡಿಮೆಯಿದ್ದು ಆಳು ಸಿಗದ ಊರಿನವರಿಗೆ, 200 ಮೊಟ್ಟೆಗಿಂತ ಹೆಚ್ಚು ಸಾಕುವವರಿಗೆ ನಾನು ಇದನ್ನು ಧೈರ್ಯವಾಗಿ ಹೇಳುತ್ತೇನೆ.

ಕೊಡುವ ಹೊತ್ತಿನ ಬಗ್ಗೆ ನಾನು ಈಗ ಪಾಲಿಸುವುದು ಇಷ್ಟು: ಹಾಸಿಗೆಯ ನಾಲ್ಕು ಮೂಲೆ ಮತ್ತು ನಡುವಿನಿಂದ ಇಪ್ಪತ್ತಿಪ್ಪತ್ತು ಹುಳು ತೆಗೆದು ಬೆಳಕಿಗೆ ಹಿಡಿದು ನೋಡುವುದು, ನೂರರಲ್ಲಿ ಐದಾದರೂ ಪೂರ್ತಿ ಹಣ್ಣಾಗಿದ್ದು ಉಳಿದವುಗಳ ಕತ್ತು ತಿಳಿಯಾಗುತ್ತಿದ್ದರೆ ಮಾತ್ರ ಆ ಸಂಜೆಯ ಊಟಕ್ಕೆ ಸಿಂಪಡಿಸುವುದು, ಅದಕ್ಕೂ ಮುನ್ನ ಚಂದ್ರಿಕೆಗಳನ್ನು ತೊಳೆದು ಒಣಗಿಸಿ ಲೆಕ್ಕ ಮಾಡಿ ಇಟ್ಟುಕೊಳ್ಳುವುದು. ಎಲ್ಲ ಹುಳು ಒಟ್ಟಿಗೆ ಹಣ್ಣಾದ ಮೇಲೆ ಚಂದ್ರಿಕೆಗಾಗಿ ನೆಂಟರ ಮನೆಗೆ ಓಡಲು ಹೊತ್ತಿರುವುದಿಲ್ಲ. ಕಳೆದ ವಾರ ತಂದ ಹುಳು ಮೊನ್ನೆ ಮೂರನೆಯ ಜ್ವರದಿಂದ ಎದ್ದಿವೆ. ಔಷಧವನ್ನು ನೆರಳಿರುವ ಗೋಡೆಗೂಡಿನಲ್ಲಿ ತಂದಿಟ್ಟಿದ್ದೇನೆ, ಆಯಲು ಬರುವ ಅಮ್ಮನಿಗೂ ಹೇಳಿ ಕಳಿಸಿದ್ದೇನೆ. ಕತ್ತು ತಿಳಿಯಾಯಿತೆಂದು ಅವರು ನೋಡಿ ಹೇಳುವವರೆಗೆ ಅದನ್ನು ಈ ಸಲ ತೆರೆಯುವುದಿಲ್ಲ.